ಬಜ್ಜಿಯ ಮೇಲೆ ಹೊರಿಸಿದ ಅಪವಾದ

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಒಂದೇ ಒಂದು ಮೆಣಸಿನಕಾಯಿ ಬಜ್ಜಿ ಬರುತ್ತದೆ. ಉಗ್ಗಾಣಿಗೇನೂ ಕಟ್ಟುಪಾಡಿಲ್ಲ, ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಟೊಮ್ಯಾಟೊ, ಹುರಿಗಡಲೆ ಪುಡಿ ಬಿದ್ದು, ಮೇಲೆ ನಿಂಬೆಹಣ್ಣು ಹಿಂಡಿಸಿಕೊಂಡು ಅದು ತಟ್ಟೆ ತುಂಬ ಕೂತಿರುತ್ತದೆ. ಬಜ್ಜಿ ಮಾತ್ರ ಒಂದು. ನನ್ನ ಹೆಂಡತಿ ಗೌರಮ್ಮ ಅದನ್ನು ಉದ್ದಕ್ಕೆ ಸೀಳಿ ಎರಡು ಮಾಡುತ್ತಾಳೆ. ಅಡ್ಡಕ್ಕೆ ಕತ್ತರಿಸಿದರೆ ತೊಟ್ಟಿನ ಕಡೆಯ ಖಾರ ಯಾರ ಪಾಲಿಗೆಂಬ ತಕರಾರು ಹುಟ್ಟೀತೆಂದು ಈ ಏರ್ಪಾಡು.

ತೆಲುಗು ಸೀಮೆಗೆ ಸೇರಿದ ನಮ್ಮ ಆದೋನಿಯಲ್ಲಿ ಮನೆಗೆ ಒಂದೇ ಬಜ್ಜಿಯೆಂದರೆ ಅದು ಅವಮಾನಕ್ಕೆ ಹತ್ತಿರದ ಸಂಗತಿ. ನಮ್ಮ ಕಡೆ ಬೀಗರು ಬಂದರೂ ಉಗ್ಗಾಣಿ ಬಜ್ಜಿ, ಬೀಗರು ಹೋದ ಖುಷಿಗೂ ಉಗ್ಗಾಣಿ ಬಜ್ಜಿ. ಆದರೆ, ಗೆಳೆಯರೇ, ಈ ಬಜ್ಜಿಗೆ ನಾಲಿಗೆಯನ್ನು ತಣಿಸುವುದಲ್ಲದೆ ಇನ್ನೊಂದು ಉದ್ಯೋಗವೂ ಉಂಟು. ಎದೆಯ ಸುತ್ತಮುತ್ತ ಏನೇ ಆಗಲಿ, ಉರಿಯಲಿ, ಹಿಡಿಯಲಿ, ಒತ್ತಲಿ, ಊರಿನವರೆಲ್ಲ ಒಂದೇ ಬಾಯಲ್ಲಿ "ಬಜ್ಜಿದು" ಎಂದುಬಿಡುತ್ತಾರೆ. ಒಂದು ಸೋಡಾ ಕುಡಿದು, ನಾಲ್ಕು ಕಾಳು ಜೀರಿಗೆ ಜಗಿದರೆ ವಿಚಾರಣೆ ಮುಗಿಯಿತು. ಬಾಯಿಲ್ಲದ ಆರೋಪಿ ಸಿಕ್ಕಿರುವಾಗ ನಿಜವಾದ ಕಳ್ಳನನ್ನು ಹುಡುಕಿಕೊಂಡು ಯಾರು ತಾನೇ ಹೋಗುತ್ತಾರೆ?

ನಾನೂ ಹೋಗಲಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಾರ್ಯಕಾರಣ ಸಂಬಂಧ ಬಿಡಿಸಿ ಹೇಳಿದ ಮೇಷ್ಟ್ರು ನಾನು. ಶಾಲೆಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದರೆ ಬೆಳಗಿನ ಬಜ್ಜಿಯನ್ನು ನೆನೆದು ಮುಂದಕ್ಕೆ ಹೆಜ್ಜೆ ಹಾಕುತ್ತಿದ್ದೆ. ರಕ್ತದೊತ್ತಡಕ್ಕೆ ದಿನಕ್ಕೊಂದು ಗುಳಿಗೆ ಹಚ್ಚಿದ್ದರು. ಅದನ್ನು ನುಂಗುತ್ತಿದ್ದೆ, ಬಜ್ಜಿಯನ್ನೂ ತಿನ್ನುತ್ತಿದ್ದೆ.

ಹೀಗಿರುವಾಗ ಕೊರೊನಾ ಬಂತು. ಶಾಲೆ, ಸಂತೆ, ಹತ್ತಿ ಮಾರುಕಟ್ಟೆ ಎಲ್ಲಕ್ಕೂ ಬೀಗ ಬಿತ್ತು; ನಮ್ಮ ಓಣಿಯ ಮೂಲೆಯ ಬಜ್ಜಿ ಅಂಗಡಿಯ ಒಲೆಯೂ ಆರಿತು. ಮನೆಯಲ್ಲಿ ಕರಿಯೋಣವೆಂದರೆ ಬಜ್ಜಿಗೆ ಬೇಕಾದ ಉದ್ದ ಮೆಣಸಿನಕಾಯಿ ಎಲ್ಲೂ ಸಿಗುತ್ತಿರಲಿಲ್ಲ. ಊರಿಗೆ ಊರೇ ಆಗ ಶ್ವಾಸಕೋಶದ ಕಾವಲಿಗೆ ನಿಂತಿತ್ತು. ಬೆಳಿಗ್ಗೆ ಶುಂಠಿ ಕಷಾಯ, ಮಧ್ಯಾಹ್ನ ಮೆಣಸಿನ ಕಷಾಯ, ಸಂಜೆ ಎರಡೂ ಬೆರೆತ ಕಷಾಯ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಒಂದು ಪುಟ್ಟ ಯಂತ್ರ ಓಣಿಯಲ್ಲಿ ಮನೆಯಿಂದ ಮನೆಗೆ ಮೊಸರಿನ ಹೆಪ್ಪಿನ ಹಾಗೆ ತಿರುಗುತ್ತಿತ್ತು. ಆ ಶ್ವಾಸಕೋಶದ ಪಕ್ಕದಲ್ಲೇ, ಒಂದು ಗೇಣು ಎಡಕ್ಕೆ, ಇನ್ನೊಬ್ಬ ದುಡಿಮೆಗಾರ ಹಗಲಿರುಳು ಬಡಿದುಕೊಳ್ಳುತ್ತಿದ್ದಾನೆಂಬುದು ಯಾರ ನೆನಪಿಗೂ ಬರಲಿಲ್ಲ. ನಾನಂತೂ ಸೋಂಕಿನ ಭಯಕ್ಕೆ ಔಷಧಿ ಅಂಗಡಿಯ ಕಡೆ ತಲೆ ಹಾಕದೆ, ಇದ್ದ ಗುಳಿಗೆಗಳನ್ನೇ ದಿನ ಬಿಟ್ಟು ದಿನ ನುಂಗುತ್ತ, ಉಳಿದ ಹೊತ್ತೆಲ್ಲ ಟಿವಿಯ ಮುಂದೆ ಕೂತು ಲೋಕದ ಸಾವುನೋವನ್ನು ಎಣಿಸುತ್ತಿದ್ದೆ. ಹೃದಯವನ್ನು ಕೆಡಿಸಿಕೊಳ್ಳಲು ಇದಕ್ಕಿಂತ ಅಚ್ಚುಕಟ್ಟಾದ ದಿನಚರಿ ಇರಲಾರದು.

ಒಂದು ಬೆಳಿಗ್ಗೆ ಮೊರದ ಮುಂದೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಎದೆಯ ಮೇಲೆ ಯಾರೋ ಜೋಳದ ಚೀಲ ಇಳಿಸಿದಂತಾಯಿತು. ಎಡತೋಳು ಸೆಳೆಯಿತು, ಬನಿಯನ್ ಬೆವರಿಗೆ ತೊಯ್ದುಹೋಯಿತು. ಏನಾಯಿತೆಂದು ಗೌರಮ್ಮ ಕೇಳಿದಾಗ ಇಪ್ಪತ್ತು ವರ್ಷದ ರೂಢಿಯಂತೆ ಬಾಯಿ ತಾನಾಗಿ "ಬಜ್ಜಿದು" ಅಂದಿತು.

ಗೌರಮ್ಮ ತುಂಗಭದ್ರೆಯ ದಂಡೆಯ ನಾಗಲದಿನ್ನೆಯವಳು. ಹೊಳೆಗೆ ನೀರು ಬರುವುದನ್ನು ಸಪ್ಪಳದಲ್ಲೇ ತಿಳಿಯುವ ಜನ ಅವರು. ಮೊರ ಪಕ್ಕಕ್ಕೆ ಸರಿಸಿ ನನ್ನ ಮುಂದೆ ಕೂತಳು.

"ಅಂಗಡಿ ಮುಚ್ಚಿ ತಿಂಗಳ ಮ್ಯಾಲಾತು. ಇಷ್ಟು ದಿನ ಎಲ್ಲಾ ಬಜ್ಜಿ ಮ್ಯಾಲೆ ಹಾಕಿದ್ರಿ. ಇವತ್ತಿಂದು ಯಾರ ಮ್ಯಾಲೆ ಹಾಕ್ತೀರಿ, ಹೇಳ್ರಿ?"

ಆರೋಪಿ ಊರಲ್ಲೇ ಇಲ್ಲ, ಕಳವು ಮಾತ್ರ ನಡೆಯುತ್ತಿದೆ. ಆದರೂ ಕೊನೆಯ ಅಸ್ತ್ರ ತೆಗೆದೆ: ಈಗ ಆಸ್ಪತ್ರೆಗೆ ಹೋದರೆ ಇಲ್ಲದ ಕೊರೊನಾ ಅಂಟೀತು, ವಾರ್ಡಿಗೆ ಹಾಕಿಬಿಟ್ಟಾರು, ನಾಳೆ ನೋಡೋಣ ಎಂದೆ.

"ಅದು ಬಂದಾಗ ನೋಡಿಕೊಳ್ಳೋಣ," ಅಂದಳು ಆಕೆ, ಅದಾಗಲೇ ಸೆರಗು ಬಿಗಿದು ಎದ್ದಿದ್ದಳು. "ಇದು ಬಂದುಬಿಟ್ಟೈತಿ."

ಪಕ್ಕದ ಮನೆಯ ಮಸ್ತಾನ್ ಗಾಡಿಯಿಲ್ಲದ ಬೀದಿಯಲ್ಲಿ ಆಟೊ ಹಾರಿಸಿದ. ಚೌಕದಲ್ಲಿ ತಡೆದ ಪೊಲೀಸರು ನನ್ನ ಮುಖ ಕಂಡವರೇ ಲಾಠಿಯಿಂದಲೇ ದಾರಿ ತೋರಿಸಿದರು. ಆಸ್ಪತ್ರೆಯಲ್ಲಿ ಮುಖಕ್ಕೆ ಗಾಜಿನಂಥ ಪರದೆ ಕಟ್ಟಿಕೊಂಡಿದ್ದ ಒಬ್ಬ ಎಳೆಯ ವೈದ್ಯೆ ಇಸಿಜಿ ಪಟ್ಟಿ ತೆಗೆದು ನೋಡಿ, ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿದೆಯೆಂದರು. ಸೂಜಿ ಕೊಟ್ಟು ಕರ್ನೂಲಿಗೆ ಕಳಿಸಿದರು. ಅಲ್ಲಿ ನಾಳಕ್ಕೊಂದು ಸ್ಟೆಂಟು ಬಿತ್ತು. ತಪಾಸಣೆಗೆ ಮರಳಿ ಹೋದಾಗ ಅದೇ ವೈದ್ಯೆ ಅಚ್ಚ ತೆಲುಗಿನಲ್ಲಿ ನನಗೆ ಪಾಠ ಹೇಳಿದರು. ಜ್ವರಕ್ಕೆ ಹೆದರಿ ಎದೆನೋವನ್ನು ಮನೆಯಲ್ಲಿ ಮುಚ್ಚಿಟ್ಟುಕೊಂಡವರೇ ಹೆಚ್ಚಾಗಿದ್ದಾರೆ, ಆ ಜ್ವರ ಬಂದರೂ ಹೃದಯಕ್ಕೆ ಭಾರವೇ, ಆದ್ದರಿಂದ ಗುಳಿಗೆ ಒಂದು ದಿನವೂ ತಪ್ಪಕೂಡದು, ಹೊರಗೆ ಹೋಗಲಾಗದಿದ್ದರೆ ಮನೆಯಲ್ಲೇ ನಡೆಯಬೇಕು, ಉಪ್ಪು ಎಣ್ಣೆ ಟಿವಿ ಮೂರನ್ನೂ ಕಡಿಮೆ ಮಾಡಬೇಕು. ಮೇಷ್ಟ್ರಾಗಿ ಅಷ್ಟು ವಿಧೇಯತೆಯಿಂದ ನಾನು ಎಂದೂ ಪಾಠ ಕೇಳಿರಲಿಲ್ಲ.

ಏಳುವಾಗ ವೈದ್ಯೆ, ಅಮ್ಮನವರದೂ ಒಮ್ಮೆ ಬಿಪಿ ನೋಡಿಬಿಡೋಣ ಅಂದರು. ಗೌರಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ನನಗೇನಾಗೈತ್ರಿ ತಾಯಿ? ನಾ ಬಜ್ಜಿ ತಿನ್ನೋಕಿ ಅಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನಮ್ಮ ಮಾಳಿಗೆಯ ದಿನಗಳು ಶುರುವಾದವು. ನಮ್ಮೂರಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಸಂಜೆ ಐದಾದರೆ ಓಣಿಯ ಸಕ್ಕರೆ ಕಾಯಿಲೆಯವರು, ಬಿಪಿಯವರು, ಏನೂ ಇಲ್ಲದವರು ತಮ್ಮ ತಮ್ಮ ಮಾಳಿಗೆಯ ಮೇಲೆ ಗಾಣದೆತ್ತುಗಳಂತೆ ತಿರುಗುತ್ತಿದ್ದರು. ಗೋಡೆಯಾಚೆಯಿಂದ ಮಸ್ತಾನ್ ಎಷ್ಟನೇ ಸುತ್ತೆಂದು ಕೇಳುತ್ತಿದ್ದ, ನಾನು ನಾಲ್ಕು ಸುತ್ತು ಸೇರಿಸಿ ಹೇಳುತ್ತಿದ್ದೆ, ಹುಣಸೆಬೀಜ ಇಟ್ಟು ಎಣಿಸುತ್ತಿದ್ದ ಗೌರಮ್ಮ ಆ ನಾಲ್ಕನ್ನೂ ಕಳೆದು ಗಟ್ಟಿಯಾಗಿ ಸಾರುತ್ತಿದ್ದಳು. ನನ್ನ ಗುಳಿಗೆ, ನನ್ನ ನೀರು, ನನ್ನ ಸುತ್ತು, ಎಲ್ಲ ಅವಳ ಲೆಕ್ಕದಲ್ಲಿತ್ತು. ನೀರಿನ ಚೊಂಬು ಹಿಡಿದು ಮಾಳಿಗೆ ಹತ್ತುವಾಗ ಮಾತ್ರ ನಡುವಿನ ಮೆಟ್ಟಿಲಲ್ಲಿ ಒಂದಿಷ್ಟು ಹೊತ್ತು ಕೂರುತ್ತಿದ್ದಳು. ಅಲ್ಲಿಂದ ಬೆಟ್ಟದ ಬಂಡೆಗಳ ಮೇಲೆ ಬಿದ್ದ ಸಂಜೆ ಬಿಸಿಲು ಚೆನ್ನಾಗಿ ಕಾಣುತ್ತದೆ. ಹೆಂಡತಿಗೆ ಈ ವಯಸ್ಸಿನಲ್ಲಿ ಪ್ರಕೃತಿಪ್ರೇಮ ಅಂಕುರಿಸಿತಲ್ಲ ಎಂದು ನಾನು ಒಳಗೊಳಗೇ ಸಂತೋಷಪಟ್ಟಿದ್ದೆ.

ಬೀಗಗಳು ತೆರೆದವು. ಬಜ್ಜಿ ಅಂಗಡಿಯ ಒಲೆ ಹೊತ್ತಿದ ಮೊದಲ ಭಾನುವಾರ ನಾನು ಮಾಸ್ಕು ಕಟ್ಟಿಕೊಂಡು ಹೋಗಿ, ಒಂದೇ ಸಾಕೆಂದು ಹೇಳಿ, ಅಂಗಡಿಯವನ ಮುಖದಲ್ಲಿ ಮೂಡಿದ ಕನಿಕರವನ್ನು ಸಹಿಸಿಕೊಂಡು ಮನೆಗೆ ಬಂದೆ. ಪೂರ್ತಿ ಬಜ್ಜಿ ನನಗೆ ದಕ್ಕಬಾರದೆಂದೇ ಗೌರಮ್ಮ ಅದನ್ನು ಸೀಳಿ ಅರ್ಧ ತನ್ನ ತಟ್ಟೆಗೆ ಹಾಕಿಕೊಂಡಳು. ನನ್ನ ಅರ್ಧವನ್ನು ನಾನು ಕಣ್ಣು ಮುಚ್ಚಿ ತಿಂದೆ. ಕಣ್ಣು ತೆರೆದಾಗ ಅವಳು ನೀರು ತರಲು ಎದ್ದವಳು ಕಂಬ ಹಿಡಿದು ನಿಂತಿದ್ದಳು. ಇನ್ನೊಂದು ಕೈ ಎದೆಯ ಮೇಲಿತ್ತು.

ಏನಾಯಿತೆಂದು ಕೇಳಿದೆ.

"ಏನಿಲ್ಲ ಬಿಡ್ರಿ. ಬಜ್ಜಿದು."

ನಾನು ಅವಳ ತಟ್ಟೆಯ ಕಡೆ ನೋಡಿದೆ. ಅವಳ ಪಾಲಿನ ಅರ್ಧ ಬಜ್ಜಿ ಉಗ್ಗಾಣಿಯ ಮೇಲೆ ಇಟ್ಟ ಹಾಗೇ ಇತ್ತು. ಒಂದು ಚೂರೂ ಮುರಿದಿರಲಿಲ್ಲ. ಮೆಟ್ಟಿಲ ಮೇಲೆ ಅವಳು ಕೂರುತ್ತಿದ್ದದ್ದು ಬೆಟ್ಟ ನೋಡುವುದಕ್ಕಲ್ಲ ಎಂಬುದು ಆಗ ತಿಳಿದು, ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ತಿಂಗಳುಗಟ್ಟಲೆ ಒಂದು ಹೃದಯವನ್ನು ಇಬ್ಬರೂ ಸೇರಿ ಕಾಪಾಡಿದ್ದೆವು, ಇನ್ನೊಂದು ನಮ್ಮ ಲೆಕ್ಕದಲ್ಲೇ ಇರಲಿಲ್ಲ.

"ನಡಿ, ಚಪ್ಪಲಿ ಹಾಕ್ಕೊ," ಅಂದೆ. "ಮಸ್ತಾನ್‌ಗ ಕೂಗ್ತೀನಿ."

ನಾಳೆ ಹೋದರಾಯಿತು, ಪಾತ್ರೆ ಹಾಗೇ ಬಿದ್ದಿವೆ ಎಂದು ಏನೇನೋ ನೆಪ ತೆಗೆದಳು. ಅವೆಲ್ಲ ನನ್ನವೇ ಆಗಿದ್ದರಿಂದ ಒಂದೂ ನಡೆಯಲಿಲ್ಲ. ಅದೇ ವೈದ್ಯೆ ಈ ಸಲ ಕೈ ಹಿಂದಕ್ಕೆಳೆಯಲು ಬಿಡದೆ ತೋಳಿಗೆ ಬಿಪಿಯ ಪಟ್ಟಿ ಕಟ್ಟಿದರು. ಬಿಪಿ ಬೆಟ್ಟ ಹತ್ತಿತ್ತು. ಹೃದಯ ಮಾತ್ರ ಇನ್ನೂ ಕೆಟ್ಟಿರಲಿಲ್ಲ, ಗುಳಿಗೆ ಮತ್ತು ನಡಿಗೆಯಲ್ಲೇ ಹತೋಟಿಗೆ ಬಂತು.

ಈಗ ಸಂಜೆ ಮಾಳಿಗೆಯ ಮೇಲೆ ನಾವಿಬ್ಬರೂ ತಿರುಗುತ್ತೇವೆ, ಹುಣಸೆಬೀಜಗಳ ಗುಡ್ಡೆ ಎರಡಾಗಿದೆ. ಅವಳೂ ಸುತ್ತು ಹೆಚ್ಚಿಗೆ ಹೇಳುತ್ತಾಳೆಂಬುದು ನನಗೆ ಇತ್ತೀಚೆಗೆ ಗೊತ್ತಾಗಿದೆ. ಭಾನುವಾರದ ಬಜ್ಜಿ ಮಾತ್ರ ಒಂದೇ. ಅವಳು ಅದನ್ನು ಸೀಳುತ್ತಾಳೆ, ನಾನು ನನ್ನ ಅರ್ಧವನ್ನು ಕೈಯಲ್ಲಿ ಹಿಡಿದು, ಅವಳು ತನ್ನದನ್ನು ಪೂರ್ತಿ ತಿಂದು ಮುಗಿಸುವವರೆಗೂ ನೋಡುತ್ತ ಕೂರುತ್ತೇನೆ.