ನಾನೇ ಕಿತ್ತ ರೇಡಿಯೋ ವೈರು

ಕಳೆದ ಭಾನುವಾರ ನಮ್ಮ ಮನೆಯ ರೇಡಿಯೋ ಕೆಟ್ಟಿತು. ಕೆಟ್ಟಿತು ಎಂದರೆ, ನಾನೇ ಕೆಡಿಸಿದೆ. ಹಿಂದಿನ ಮುಚ್ಚಳ ಬಿಚ್ಚಿ, ಸ್ಪೀಕರಿಗೆ ಹೋಗುವ ಕೆಂಪು ವೈರನ್ನು ಹಿಡಿದು ಎಳೆದೆ.

ಅಜ್ಜಿಗೇನು ಬಂತು ಈ ವಯಸ್ಸಿನಲ್ಲಿ ಎನ್ನುತ್ತೀರಾ, ಮೊಮ್ಮಕ್ಕಳೇ? ಹೇಳುತ್ತೇನೆ. ಎದುರಿಗೆ ಹೇಳಲು ನಾಚಿಕೆ. ಬರೆಯಲು ಅಷ್ಟಿಲ್ಲ.

ನಿಮ್ಮ ತಾತ ಟಿ. ದಾಸರಹಳ್ಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಒಂದು ಕೈಯಲ್ಲಿ ಕಾದ ಸಾಲ್ಡರಿಂಗ್ ಐರನ್, ಇನ್ನೊಂದರಲ್ಲಿ ಇಕ್ಕಳ. ಮೂರನೆಯ ಕೈ ಎಲ್ಲಿಂದ ಬರಬೇಕು? ಬೆಸುಗೆಯ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಮದುವೆಯಾದ ಮೇಲೆ ಆ ತಂತಿ ನನ್ನ ಕೈಗೆ ಬಂತು. ಮಾತಿಲ್ಲ, ಕತೆಯಿಲ್ಲ. ನಾನು ತಂತಿ ಹಿಡಿಯುವುದು, ಅವರು ಐರನ್ ತಾಗಿಸುವುದು, ಒಂದು ಎಳೆ ಹೊಗೆ ಏಳುವುದು. ಆ ವಾಸನೆ ಅವರ ಅಂಗಿಗಳಲ್ಲೂ ಇರುತ್ತಿತ್ತು. ಅವರು ತೀರಿಕೊಂಡ ವಾರವೇ ಅಂಗಿಗಳನ್ನೆಲ್ಲ ಒಗೆದುಬಿಟ್ಟೆ. (ಬುದ್ಧಿ ಇರುವವರು ಹಾಗೆ ಮಾಡುತ್ತಾರೆಯೇ?)

ಆ ವಾಸನೆ ಇನ್ನೊಂದು ಸಲ ಬೇಕಿತ್ತು. ಅಷ್ಟೇ.

ರೇಡಿಯೋ ಕೆಟ್ಟಿದೆ ಎಂದಷ್ಟೇ ಹೇಳಿ ಮೊಮ್ಮಗಳು ಸಿಂಧುವಿಗೆ ಫೋನ್ ಮಾಡಿದೆ. ಅವಳು ಪೀಣ್ಯದ ಕಡೆ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಯಾವ ಬೋರ್ಡಿಗೆ ಯಾವ ಬೆಸುಗೆ ಎಂದು ಆರಿಸುವುದೇ ಕೆಲಸ. ಸಂಜಯನಗರದಿಂದ ಬಾಗಲಗುಂಟೆಯ ನಮ್ಮ ಮನೆಗೆ ಸ್ಕೂಟರಿನಲ್ಲಿ ಬಂದಳು.

“ತಾತನ ಡಬ್ಬೀಲಿ ತಂತಿ ಐತೆ, ಅದ್ನೇ ಆಕು,” ಎಂದೆ.

“ಅಯ್ಯೋ ಬೇಡಜ್ಜಿ, ಅದರಲ್ಲಿ ಸೀಸ ಇದೆ, ವಿಷ. ಫ್ಯಾಕ್ಟರೀಲಿ ನಾವು ಮುಟ್ಟೋದೇ ಇಲ್ಲ.”

“ನಿಮ್ ತಾತ ಬಾಯಾಗೆ ಕಚ್ಕಂತಿದ್ರು!”

“ಬಾಯಲ್ಲೇ! ಹೇಳ್ಬೇಡ ನಂಗೆ, ನಿದ್ದೆ ಬರಲ್ಲ.”

ಬ್ಯಾಗಿನಿಂದ ಮೂರು ಸುರುಳಿ ತೆಗೆದಿಟ್ಟಳು. “ಇದು ತವರ, ತಾಮ್ರ. ಅಗ್ಗ, ಆದ್ರೆ ಜಾಸ್ತಿ ಬಿಸಿ ಕೇಳತ್ತೆ, ನಿನ್ ರೇಡಿಯೋ ಸುಟ್ಟೋಗತ್ತೆ. ಇದು ಬಿಸ್ಮತ್ ಅನ್ನೋ ಲೋಹ ಇರೋದು. ಬೇಗ ಕರಗತ್ತೆ, ಆದ್ರೆ ರೇಡಿಯೋ ಕೆಳಗೆ ಬಿದ್ರೆ ಬೆಸುಗೆ ಬಿರುಕು ಬಿಡತ್ತೆ. ಇದು ಬೆಳ್ಳಿ ಸೇರಿರೋದು. ನಿಂಗೆ ಇದೇ.”

ಬೆಳ್ಳಿ ಎಂದ ಕೂಡಲೇ ನನ್ನ ಕಣ್ಣು ಬರಿದಾದ ಕಾಲ್ಬೆರಳ ಮೇಲೆ ಹೋಯಿತು. ಅವಳು ನೋಡಲಿಲ್ಲ.

ಸೀಸವಿಲ್ಲದಿದ್ದರೆ ವಾಸನೆ? ತಡೆಯಲಾರದೆ ಕೇಳಿಯೇಬಿಟ್ಟೆ. “ಇದ್ರಾಗೆ ವಾಸ್ನೆ ಬತ್ತದಾ?”

“ವಾಸನೆ ಸೀಸದ್ದಲ್ಲಜ್ಜಿ, ತಂತಿ ಒಳಗಿರೋ ರಾಳದ್ದು. ಇದರಲ್ಲೂ ಇದೆ. ಯಾಕೆ?”

“ಸುಮ್ಕೆ.”

ಆದರೆ ಹಳೆಯದರ ಮೇಲೆ ಹೊಸದನ್ನು ಹಾಕಬಾರದಂತೆ. ಎರಡೂ ಬೆರೆಯಬಾರದಂತೆ. ತಾಮ್ರದೆಳೆಯ ಪುಟ್ಟ ಜಡೆಯೊಂದನ್ನು ಇಟ್ಟು, ಕಾದ ಐರನ್ ಒತ್ತಿ, ತಾತ ಹಾಕಿದ್ದ ಬೆಸುಗೆಯ ಹೊಳೆಯುವ ಹನಿಯನ್ನು ಹೀರಿ ತೆಗೆದಳು. ಇದು ನನಗೆ ಗೊತ್ತಿರಲಿಲ್ಲ. ವಾಸನೆಯ ಆಸೆಗೆ ಅವರ ಕೈಯ ಒಂದು ಗುರುತು ಹೋಯಿತು.

“ಅಜ್ಜಿ, ತಂತಿ ಹಿಡ್ಕೊ ಬಾ. ನಂಗೂ ಎರಡೇ ಕೈ.”

ಹಿಡಿದೆ. ಐರನ್ ತಾಗಿತು. ಒಂದು ಎಳೆ ಹೊಗೆ ಎದ್ದಿತು. ಅದೇ. ಪಕ್ಕದಲ್ಲಿ ಅವರು ಕೆಮ್ಮಿದರೇನೋ ಎನ್ನುವಷ್ಟು ಅದೇ.

ಹೊಗೆ ಆರಿತು. ಬೆಸುಗೆ ನೋಡಿದೆ. “ಮಂಕಾಗೈತಲ್ಲವ್ವ, ಕೂತಿಲ್ಲ. ಇನ್ನೊಂದ್ ಕಿತ ಆಕು.” ತಾತ ಮಂಕಾದ ಬೆಸುಗೆಯನ್ನು ಒಪ್ಪುತ್ತಲೇ ಇರಲಿಲ್ಲ.

“ಇದರ ಬಣ್ಣವೇ ಹಂಗಜ್ಜಿ. ಮಂಕಾಗಿದ್ರೂ ಗಟ್ಟಿ.”

“ಆದ್ರೂ ಆಕು.”

ಮೂರು ಸಲ ಹಾಕಿಸಿದೆ. ಮೂರನೆಯ ಸಲ ಅವಳು ಬೆಸುಗೆಯನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು.

ರೇಡಿಯೋ ಹಾಡಿತು. ಕಾಫಿ ಕುಡಿದು ಹೊರಟವಳು ಗೇಟಿನ ಹತ್ತಿರ ಹೆಲ್ಮೆಟ್ ಹಾಕಿಕೊಳ್ಳುತ್ತ ನಿಂತಳು.

“ಅಜ್ಜಿ, ತಾನಾಗೇ ಬಿಟ್ಟ ವೈರು ಹಂಗಿರಲ್ಲ. ಅದು ಯಾರೋ ಎಳೆದಿರೋದು.”

ನಾನು ಗೇಟು ತೆಗೆದೆ.

“ಮುಂದಿನ ಸಲ ಕೀಳ್ಬೇಡ ಕಣಜ್ಜಿ. ಸುಮ್ನೆ ಒಂದ್ ಫೋನ್ ಮಾಡು, ಬರ್ತೀನಿ.”

ಫೋನೇನೋ ಮಾಡಬಹುದು. ರೇಡಿಯೋ ಚೆನ್ನಾಗಿದೆ, ನಿಮ್ಮ ತಾತ ನೆನಪಾದರು ಎಂದು ಬಾಯಿಬಿಟ್ಟು ಹೇಳುವುದು ಹೇಗೆ, ಮಕ್ಕಳೇ?