ಹಸಿರು ಖಣದ ಜಂಪರು

ಪಕ್ಕೀರವ್ವ, ನಿನ್ನ ಹಸಿರು ಖಣದ ಜಂಪರಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿದವಳು ನಾನು. ನೀನು ಅವತ್ತು ಸೊರಗಿರಲಿಲ್ಲ. ಎರಡು ವರ್ಷದಿಂದ ನೀನು ನಂಬಿಕೊಂಡು ಬಂದಿರುವುದು ಸುಳ್ಳು — ಅದನ್ನು ಹೊಲಿದುಕೊಟ್ಟವಳು ನಿನ್ನ ಗೆಳತಿ, ಈ ಮಾಬೂಬಿ. ಇಷ್ಟು ಬರೆಯುವುದಕ್ಕೆ ಬೆಳಿಗ್ಗೆಯಿಂದ ನಾಲ್ಕು ಸಲ ಕೂತು ಎದ್ದಿದ್ದೇನೆ.

ಎದುರಿಗೇ ಹೇಳಬಹುದಿತ್ತು. ಆದರೆ ನೀನು ಎದುರಿಗೆ ಬಂದರೆ ನನ್ನ ಬಾಯಿಂದ ಮೊದಲು ಬರುವ ಮಾತು "ಏನ್ ತಿಂತಿ?" ಎಂಬುದೇ. ನಮ್ಮ ಸ್ನೇಹ ಶುರುವಾದದ್ದೂ ಒಂದು ಪ್ಲೇಟು ಮಂಡಕ್ಕಿ ಗಿರಮಿಟ್ಟಿನಿಂದ. ನೀನು ಹಿರೇಬೆಂಡಿಗೇರಿಯ ಅಂಗನವಾಡಿ ಟೀಚರು, ನಾನು ಸವಣೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮೊದಲ ದಿನ ಅಳತೆ ಕೊಡಲು ನೀನು ನಾಚಿಕೊಂಡಾಗ ನನ್ನ ಸೊಂಟಕ್ಕೇ ಟೇಪು ಸುತ್ತಿ ತೋರಿಸಿದ್ದೆ. ಇಬ್ಬರೂ ಬಿದ್ದು ಬಿದ್ದು ನಕ್ಕು, ಗಿರಮಿಟ್ ತರಿಸಿ ತಿಂದಿದ್ದೆವು. ಆಮೇಲೆ ನಾವು ಪೇಟೆಯಲ್ಲಿ ಒಟ್ಟಿಗೆ ನಡೆದರೆ ಜನ ಮಠದ ಅಂಗಳದ ಆನೆಗಾತ್ರದ ಮರಗಳಿಗೆ ನಮ್ಮನ್ನು ಹೋಲಿಸಿ "ಎರಡು ದೊಡ್ಡಹುಣಸಿ ಗಿಡ ಹೊಂಟಾವ ನೋಡ್ರಿ" ಎಂದು ಚಾಷ್ಟಿ ಮಾಡುವರು. ನೀನು ಬಿಡುತ್ತಿದ್ದೆಯೇ? "ನೆರಳ ಬೇಕಾದ್ರ ಬರ್ರಿ" ಎಂದು ಅಲ್ಲೇ ತಿರುಗಿ ಅನ್ನುತ್ತಿದ್ದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ನಾವು ಚೆನ್ನಾಗಿಯೇ ಬಲ್ಲೆವು. ಊಟದ ವಿಷಯದಲ್ಲಿ ಮಾತ್ರ ಶುದ್ಧ ದಡ್ಡಿಯರು. ನಿನಗೆ ಸಕ್ಕರೆ ಕಾಯಿಲೆ, ನನಗೆ ಮೊಣಕಾಲ ನೋವು. ಹೊಟ್ಟೆ ಸಣ್ಣದು ಮಾಡುವ ಆಪರೇಶನ್ ಇದೆಯಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಎಷ್ಟು ಸಮಾಧಾನದಿಂದ ಮಾತಾಡಿದರು, ನೆನಪಿದೆಯೇ?

"ಹೊಟ್ಟಿ ಸಣ್ಣದ ಮಾಡೂದು ನಮ್ಮ ಕೆಲಸ್ರಿ. ಆದ್ರ ಹಸಿವಿ ಎಲ್ಲಾ ಹೊಟ್ಟ್ಯಾಗ ಇರಂಗಿಲ್ಲ. ಮೂರು ತಿಂಗಳು ಊಟ ಬದಲ ಮಾಡ್ರಿ, ಆಮ್ಯಾಲೆ ಕುಂತು ವಿಚಾರ ಮಾಡೂಣು."

ವಾಪಸು ಬರುವಾಗ ಬಸ್ಸಿನಲ್ಲಿ ನೀನು ನನ್ನ ಕೈ ಹಿಡಿದೆ. "ಮಾಬೂಬಿ, ಹೋದ್ರ ಇಬ್ಬರೂ ಕೂಡೇ ಹೋಗೂನು. ನಾ ಒಬ್ಬಾಕಿನ ಹೋಗಂಗಿಲ್ಲ." ನಾನು ಆಣೆ ಮಾಡಿದೆ. ತೂಕದ ಮಶಿನ್ ಕಂಡರೆ ನಮಗಿಬ್ಬರಿಗೂ ಆಗದು. ಅದಕ್ಕೆ ನೀನೇ ಉಪಾಯ ತೆಗೆದೆ: ಹೊಸದಾಗಿ ಹೊಲಿಸಿದ್ದ ಹಸಿರು ಜಂಪರು ಮೂರು ತಿಂಗಳಲ್ಲಿ ಎರಡು ಬೆರಳು ಸಡಿಲಾದರೆ ಆಪರೇಶನ್ ಬೇಡ, ಇಲ್ಲದಿದ್ದರೆ ಇಬ್ಬರೂ ಹೋಗುವುದು. ಜಂಪರನ್ನು ನನ್ನ ಕೈಗೇ ಕೊಟ್ಟೆ. "ನನ್ನ ಹತ್ರ ಇದ್ರ ದಿನಾ ಹಾಕ್ಕೊಂಡು ನೋಡ್ತೇನಿ. ನಿನ್ನ ಕಡೆ ಇರ್ಲಿ" ಎಂದೆ.

ನೀನು ಬಾಯಿ ಕಟ್ಟಿದೆ. ಎರಡು ರೊಟ್ಟಿ ಒಂದಾಯಿತು, ಚಹಾಕ್ಕೆ ಸಕ್ಕರೆ ನಿಂತಿತು, ಅಂಗನವಾಡಿಯ ಮಕ್ಕಳಿಗೆ ಹಂಚುವ ಶೇಂಗಾ ಚಿಕ್ಕಿಯ ಕಡೆಗೂ ನೀನು ನೋಡಲಿಲ್ಲ. ಮತ್ತೆ ನಾನು? ರಂಜಾನಿನ ರೋಜಾ ಹಿಡಿದರೆ ಇಡೀ ದಿನ ಗುಟುಕು ನೀರಿಲ್ಲದೆ ಮಶಿನ್ ತುಳಿಯುತ್ತೇನೆ, ಹಸಿವು ಹತ್ತಿರ ಸುಳಿಯುವುದಿಲ್ಲ. ಉಳಿದ ದಿನ ಹನ್ನೊಂದು ಗಂಟೆ ಆಗುವಷ್ಟರಲ್ಲಿ ಕೈ ತಿಂಡಿಯ ಡಬ್ಬಿ ಹುಡುಕುತ್ತದೆ. ಗಿರಾಕಿ ಬೈದರೆ ಹಸಿವು, ಹೊಗಳಿದರೂ ಹಸಿವು. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಎಂಬ ಗಾದೆ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹಸಿವು ಎಲ್ಲ ಹೊಟ್ಟೆಯಲ್ಲಿರುವುದಿಲ್ಲ ಎಂಬ ಡಾಕ್ಟರ ಮಾತು ನನಗೇ ಎಂದು ಗೊತ್ತಿತ್ತು. ಹೊಟ್ಟೆ ಕೊಯ್ದು ಸಣ್ಣದು ಮಾಡಿದ ಮೇಲೂ ಈ ಹಸಿವು ಉಳಿದರೆ — ಆಗ ಎಲ್ಲಿಗೆ ಹೋಗಲಿ? ಬೇಸರವಾದಾಗ ಏನು ಮಾಡಲಿ? ನೀನು ಬಂದಾಗ ಮುಂದೆ ಏನು ಇಡಲಿ? ಹೆದರಿಕೆಯೆಂದರೆ ಹೆದರಿಕೆ. ಆದರೆ ನಿನ್ನ ಮುಂದೆ ಅದನ್ನು ಆಡಲಿಲ್ಲ.

ಮೂರನೇ ತಿಂಗಳು ಮುಗಿಯಿತು. ಹೊಲಿಯುವವರಿಗೆ ಟೇಪು ಬೇಡ, ಕಣ್ಣೇ ಅಳೆಯುತ್ತದೆ. ನೀನು ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೋಡಿದೆ — ನಿನ್ನ ಮೈ ಒಂದು ದಾರದೆಳೆಯಷ್ಟೂ ಇಳಿದಿರಲಿಲ್ಲ. ಜಂಪರು ಬಿಗಿಯಾದರೆ ನೀನು ಹುಬ್ಬಳ್ಳಿಗೆ ಹೋಗುತ್ತೀ. ನೀನು ಹೋದರೆ ಆಣೆ ಮಾಡಿದ ನಾನೂ ಹೋಗಬೇಕು. "ಹುಕ್ಕು ಸಡಲಾಗ್ಯಾವ, ನಾಳೆ ಬಾ" ಎಂದು ನಿನ್ನನ್ನು ಕಳಿಸಿದೆ.

ಮುಂದೆ ಮೈ ಬಂದರೆ ಬಿಚ್ಚಲು ಬರಲಿ ಎಂದು ಹೊಲಿಯುವವರು ನಾವು ಪ್ರತಿ ಜಂಪರಿನ ಬಗಲಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟಿರುತ್ತೇವೆ. ಎರಡೂ ಬಗಲಿನ ಆ ಬಟ್ಟೆಯನ್ನು ಬಿಚ್ಚಿ, ಅಂಚಿಗೆ ಹೊಸ ಹೊಲಿಗೆ ಹಾಕಿ, ಹಳೆಯ ಸೂಜಿತೂತು ಕಾಣದಂತೆ ಇಸ್ತ್ರಿ ಹೊಡೆದೆ. ಮರುದಿನ ನೀನು ಪರದೆಯ ಹಿಂದಿನಿಂದ ಕೂಗಿದೆ: "ಗೆದ್ನೇ ಮಾಬೂಬಿ! ನೋಡಿಲ್ಲೆ, ಕೈ ಹೋಗತೈತಿ ಒಳಗ!" ನೀನು ನಕ್ಕು, ಅತ್ತು, ಓಣಿಗೆಲ್ಲ ಪೇಡೆ ಹಂಚಿದೆ. ನಾನೂ ಎರಡು ತಿಂದೆ. ಚೆನ್ನಾಗಿಯೇ ಇದ್ದವು, ನಾಚಿಕೆಗೇಡು.

ಒಂದು ವರ್ಷ ಹೋಯಿತು. ಸಕ್ಕರೆ ಏರಿ ನಿನ್ನ ಎಡಗಾಲು ಜೋಮು ಹಿಡಿಯಿತು; ಚಪ್ಪಲಿ ಜಾರಿದರೂ ನಿನಗೆ ತಿಳಿಯದಾಯಿತು. ಮತ್ತೆ ಹುಬ್ಬಳ್ಳಿ. "ಹ್ವಾದ ವರ್ಷನ ಬರಬೇಕಿತ್ತಲ್ರಿ. ಈ ಜೋಮು ಪೂರಾ ಹೋಗತೈತಿ ಅಂತ ಹೇಳಾಕ ಬರಂಗಿಲ್ಲ" ಎಂದರು ಡಾಕ್ಟರು. ನೀನು ತಲೆ ತಗ್ಗಿಸಿದೆ. "ಇಳಿದಿತ್ರಿ ಸಾಹೇಬ್ರ. ನಾನ ತಿಂದು ತಿಂದು ಮತ್ತ ಏರಿಸ್ಕೊಂಡ್ನಿ. ನಂದ ಬಾಯಿ ಸುಮಾರ."

ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಹೊಲಿಗೆ ಬಿಚ್ಚಿದ್ದಕ್ಕಿಂತ ಇದು ದೊಡ್ಡ ತಪ್ಪು.

ಆಪರೇಶನ್ನಿಗೆ ನೀನು ಒಬ್ಬಳೇ ಹೋದೆ. ನಾನು "ಲಗ್ನದ ಸೀಸನ್ನು, ನಂದು ಆಮ್ಯಾಲೆ" ಎಂದು ನನ್ನ ಆಪರೇಶನ್ ತಪ್ಪಿಸಿಕೊಂಡು, ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತೆ. ಈಗ ಸಣ್ಣ ಬಟ್ಟಲಲ್ಲಿ ಉಣ್ಣುತ್ತೀ, ಅರ್ಧ ತಾಸು ತೆಗೆದುಕೊಳ್ಳುತ್ತೀ, ಸಕ್ಕರೆ ಹಿಡಿತಕ್ಕೆ ಬಂದಿದೆ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನಾವಿಬ್ಬರೂ ಹಿಡಿಸುತ್ತೇವೆ ಎಂದು ಕಂಡಕ್ಟರಿಗೂ ಸಂತೋಷ. ಎಡಗಾಲಿನ ಜೋಮು ಮಾತ್ರ ಹಾಗೇ ಇದೆ.

ಎಲ್ಲ ಚೆನ್ನಾಗಿದೆ, ಹಳೆಯದನ್ನು ಯಾಕೆ ಕೆದಕುವುದು ಎಂದುಕೊಂಡಿದ್ದೆ. ಆದರೆ ನಿನ್ನೆ ನೀನು ಬಿಗಿ ಮಾಡಿಸಲು ಜಂಪರುಗಳ ಗಂಟು ತಂದೆ. ಹಸಿರು ಜಂಪರು ಎಲ್ಲದರ ಮೇಲಿತ್ತು. ಜೊತೆಗೆ ಬಂದಿದ್ದ ನಿಮ್ಮ ಊರಿನ ಬಾಣಂತಿಗೆ ಅದನ್ನು ತೋರಿಸಿ ಹೇಳಿದೆ: "ಒಮ್ಮೆ ನಾನ ಸ್ವಂತ ಇಳಿಸಿದ್ನೆವ್ವ. ಆಸೆಬುರಕಿ, ಉಳಿಸ್ಕೊಳ್ಳಾಕ ಆಗ್ಲಿಲ್ಲ." ನಗುತ್ತಲೇ ಹೇಳಿದೆ. ನನಗೆ ನಗು ಬರಲಿಲ್ಲ. ನನ್ನ ಹೆದರಿಕೆಗೆ ನೀನು ಇನ್ನೂ ನಿನ್ನನ್ನೇ ಬೈದುಕೊಳ್ಳುತ್ತಿದ್ದೀ.

ಉಳಿದ ಜಂಪರುಗಳೆಲ್ಲ ತಯಾರಾಗಿವೆ. ಹಸಿರು ಒಂದನ್ನು ಮುಟ್ಟಿಲ್ಲ. ಅದರ ಒಳಮೈ ತಿರುಗಿಸಿ ಇಟ್ಟಿದ್ದೇನೆ — ಹಳೆಯ ಸೂಜಿತೂತುಗಳ ಸಾಲು ಹಾಗೇ ಇದೆ, ಎಷ್ಟು ಇಸ್ತ್ರಿ ಹೊಡೆದರೂ ಹೋಗಿಲ್ಲ. ನೀನು ಮೂರು ತಿಂಗಳು ಖರೆಯಾಗಿ ಬಾಯಿ ಕಟ್ಟಿದ್ದೆ ಪಕ್ಕೀರವ್ವ. ಮೈ ಇಳಿಯಲಿಲ್ಲ, ಅಷ್ಟೇ. ಇಳಿಯದ ಮೈಯನ್ನು ನೀನು ಮತ್ತೆ ಏರಿಸಿಕೊಂಡದ್ದೂ ಇಲ್ಲ.

ನಾನು ಆಪರೇಶನ್ನಿಗೆ ಹೋಗುತ್ತೇನೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಹೆದರಿಕೆ ಹಾಗೇ ಇದೆ; ಈ ಸಲ ಅದನ್ನು ಡಾಕ್ಟರ ಮುಂದೆಯೇ ಹೇಳುತ್ತೇನೆ. ನಾಳೆ ಹನ್ನೊಂದರ ಬಸ್ಸಿಗೆ ನೀನು ಬರುತ್ತೀ. ಮೊದಲು ಈ ಹಾಳೆ ಕೊಡುತ್ತೇನೆ, ಆಮೇಲೆ ಜಂಪರು. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಗಿರಮಿಟ್ ತರಿಸುವುದಿಲ್ಲ.