ಬೆನ್ನ ಮೇಲೆ ಹಲ್ಲು, ಚಕ್ರದಡಿ ಜಲ್ಲಿ

ನಾನು ಕೆಲಸ ಮಾಡುವುದು ಹಲ್ಲಿನ ಲ್ಯಾಬಿನಲ್ಲಿ. ಹೀಗೆಂದ ಕೂಡಲೇ ಜನ ನನ್ನನ್ನು ಅರ್ಧ ಡಾಕ್ಟರ್ ಎಂದುಕೊಂಡು ಬಾಯಿ ತೆರೆದು ತೋರಿಸುತ್ತಾರೆ. ನಾನು ನೋಡಿ "ಹ್ಞೂಂ" ಎನ್ನುತ್ತೇನೆ, ಅವರಿಗೆ ಸಮಾಧಾನವಾಗುತ್ತದೆ. ನಿಜವಾದ ಕೆಲಸ ಬೇರೆ. ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಅಚ್ಚಿನ ಮೇಲೆ ಗುಲಾಬಿ ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ ವಾಪಸ್ ಕಳಿಸುತ್ತೇವೆ. ಇದರಲ್ಲಿ ನನ್ನ ಪಾಲು ವಸಡು. ಓದಿಗೆ ತಕ್ಕ ಕೆಲಸ ಸಿಗುವವರೆಗೆ ಅಂತ ಸೇರಿದೆ. ವಸಡು ಇನ್ನೂ ನನ್ನನ್ನು ಬಿಟ್ಟಿಲ್ಲ. ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರಲ್ಲ, ಆ ಗಾದೆಯ ಮೊದಲರ್ಧವನ್ನು ಸರಿಮಾಡುವವರು ನಾವು. ಎರಡನೇ ಅರ್ಧದಲ್ಲಿ ನಾವೇ ಇದ್ದೇವೆ.

ಈ ಕೆಲಸ ಕೊಡಿಸಿದವಳು ನಮ್ಮಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಶಾಲೆಯಲ್ಲಿ ಬೆಂಚು ಬಿಸಿ ಮಾಡುತ್ತಿದ್ದಾಗಲೇ ಅವಳು ಇದೇ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಳು. ಆ ಕೋಣೆಗೆ ಒಂದೇ ಕಿಟಕಿ, ಅದನ್ನೂ ಗಾಳಿಗೆ ಪುಡಿ ಹಾರುತ್ತದೆಂದು ತೆರೆಯುವಂತಿಲ್ಲ. ಹಾಗಾಗಿ ಪುಡಿ ಹೊರಗೆ ಹಾರದೆ ಅಕ್ಕನ ಒಳಗೇ ಹೋಯಿತು. ಸಂಜೆ ಹುಬ್ಬು, ಕಿವಿ, ಬಳೆ ಎಲ್ಲ ಬೆಳ್ಳಗೆ ಮಾಡಿಕೊಂಡು ಬಂದರೆ ಅಮ್ಮ "ಬಂತು ನೋಡು ಹಿಟ್ಟಿನ ಗಿರಣಿ" ಎನ್ನುತ್ತಿದ್ದಳು. ಆಮೇಲೆ ಅಕ್ಕ ಕೆಮ್ಮಲು ಶುರುಮಾಡಿದಾಗ ಅಮ್ಮ ಆ ಮಾತು ನಿಲ್ಲಿಸಿದಳು.

ಹಲ್ಲುಗಳನ್ನು ಕ್ಲಿನಿಕ್ಕಿಗೆ ತಲುಪಿಸುತ್ತಿದ್ದ ಮನುಷ್ಯ ಕೆಲಸ ಬಿಟ್ಟ ದಿನ ಅಕ್ಕ ಯಜಮಾನರ ಎದುರು ಹೋಗಿ ನಿಂತಳು. "ಸಾರ್, ಬೈಕ್ ನಾನು ಓಡಿಸ್ತೀನಿ."

"ನಿಂಗೆ ಬರುತ್ತೇನಮ್ಮ?"

"ಸೋಮವಾರದ ಹೊತ್ತಿಗೆ ಬರುತ್ತೆ ಸಾರ್."

ಬಂತು. ಪಕ್ಕದ ಮನೆಯ ಅಣ್ಣನ ಬೈಕಿನಲ್ಲಿ ಕಲಿತಳು. ಆ ಅಣ್ಣ ಅಂದಿನಿಂದ ತನ್ನ ಬೈಕನ್ನು ಒಳಗೆ ನಿಲ್ಲಿಸಿ ಬೀಗ ಹಾಕುತ್ತಾನೆ, ಅದು ಬೇರೆ ಮಾತು. ಹೀಗೆ ಅಕ್ಕ ಹೊರಗೆ ಬಂದಳು. ಹೆಲ್ಮೆಟ್ಟು, ದಪ್ಪ ಜಾಕೆಟ್ಟು, ಬೆನ್ನ ಮೇಲೆ ಚೌಕದ ಚೀಲ, ಚೀಲದಲ್ಲಿ ಯಾರ್ಯಾರದೋ ನಗು. ಮೂರು ತಿಂಗಳಿಗೆ ಕೆಮ್ಮು ನಿಂತಿತು. "ಗಾಳಿ ಕುಡೀತಾ ಹೋಗ್ತೀನಿ ಕಣೋ, ಹೊಟ್ಟೆ ತುಂಬುತ್ತೆ" ಎನ್ನುತ್ತಿದ್ದಳು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಬಾಗಿಲ ಬಳಿ ಬೈಕು ನೋಡಿ "ಮಗಂದಾ?" ಎಂದು ನನ್ನ ಕಡೆ ತಿರುಗುತ್ತಿದ್ದರು. "ಅವನಿಗೆ ಸೈಕಲ್ಲೂ ಅಷ್ಟಕ್ಕಷ್ಟೆ" ಎಂದು ಅಕ್ಕನೇ ಹೇಳುತ್ತಿದ್ದಳು. ಅಲ್ಲಿಗೆ ಎರಡು ಮಾತೂ ಒಟ್ಟಿಗೇ ಮುಗಿಯುತ್ತಿದ್ದವು, ಮದುವೆಯದೂ ನನ್ನ ಮರ್ಯಾದೆಯದೂ.

ಇನ್ನು ಬಿದ್ದ ಕತೆ.

ನಮಗೆ ಹೆಚ್ಚು ಕೆಲಸ ಕೊಡುವ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಒಂದು ತಿರುವಿದೆ. ಅದರ ಮೂಲೆಯಲ್ಲಿ ದೊಡ್ಡದೊಂದು ಕಟ್ಟಡ ಏಳುತ್ತಿದೆ. ಟಿಪ್ಪರುಗಳು ಜಲ್ಲಿ ತುಂಬಿಕೊಂಡು ಬಂದು ಅಲ್ಲೇ ಹೊರಳುತ್ತವೆ. ಹೊರಳುವಾಗ ಹಿಂಬದಿಯ ಬಾಗಿಲ ಸಂದಿಯಿಂದ ಒಂದೊಂದು ಹಿಡಿ ಜಲ್ಲಿ ಉದುರುತ್ತದೆ. ಕಾರಿನವರಿಗೆ ಅದು ಚಕ್ರದ ಕೆಳಗಿನ ಬರೀ ಸದ್ದು. ಎರಡು ಚಕ್ರದವರಿಗೆ, ಗಾಡಿ ವಾಲಿಸಿ ತಿರುಗುವ ಹೊತ್ತಿಗೆ, ನೆಲವೇ ಕೈಕೊಟ್ಟ ಹಾಗೆ. ಅಕ್ಕನಿಗೆ ಜಲ್ಲಿ ಕಂಡಿತ್ತಂತೆ. ಕಂಡದ್ದೇ ತಪ್ಪಾಯಿತು. ನೋಡಿದವಳು ಬ್ರೇಕ್ ಒತ್ತಿದಳು, ಮುಂದಿನ ಚಕ್ರ ಜಾರಿತು, ಬೈಕು ಒಂದು ಕಡೆ, ಇವಳು ಒಂದು ಕಡೆ. ಚೀಲ ಹರಿದು ಒಳಗಿದ್ದದ್ದು ಎಲ್ಲ ಕಡೆ.

ಲ್ಯಾಬಿಗೆ ಫೋನ್ ಬಂತು. ನಾನೇ ಎತ್ತಿದೆ. ಯಾವನೋ ಏದುಸಿರಿನಲ್ಲಿ "ನಿಮ್ಮ ಕಡೆಯವರು ಬೈಕಿಂದ ಬಿದ್ದಿದ್ದಾರೆ, ಚೀಲದ ಮೇಲೆ ಈ ನಂಬರಿತ್ತು. ಬೇಗ ಬನ್ನಿ ಸಾರ್, ಹಲ್ಲೆಲ್ಲಾ ರಸ್ತೆ ತುಂಬಾ ಬಿದ್ದಿದೆ" ಎಂದ.

ಬೇರೆ ಯಾವ ತಮ್ಮನೇ ಆಗಿದ್ದರೂ ಕೈಯಿಂದ ಫೋನ್ ಬೀಳುತ್ತಿತ್ತು. ನಾನು ಕೇಳಿದ್ದು, "ಮೇಲಿನದ್ದಾ, ಕೆಳಗಿನದ್ದಾ?"

ನನ್ನ ಮುಖ ನೋಡಿ ಯಜಮಾನರು ಫೋನ್ ಕಿತ್ತುಕೊಂಡರು. ಅವರಾದರೂ ಹಿರಿಯರು, ವಿವೇಕ ಇರುತ್ತದೆ ಅಂದುಕೊಂಡರೆ ಅವರು ಕೇಳಿದರು, "ಡಾಕ್ಟರಮ್ಮನ ಪೂರ್ತಿ ಸೆಟ್ಟು ಇತ್ತಲ್ಲ, ಒಡೆದಿಲ್ಲ ತಾನೇ?"

"ಥೂ, ನೀವು ಮನುಷ್ಯರೇನ್ರೀ!" ಎಂದು ಆತ ಫೋನ್ ಇಟ್ಟ. ಇಷ್ಟು ವರ್ಷ ಹಲ್ಲಿನ ಜೊತೆ ಬದುಕಿದ್ದರ ಫಲ ಅದು. ನಮ್ಮ ಕಿವಿಗೆ ಹಲ್ಲು ಎಂದರೆ ಬಾಯಿ ನೆನಪಾಗುವುದಿಲ್ಲ.

ನಾವು ಹೋಗುವಷ್ಟರಲ್ಲಿ ಅಕ್ಕನನ್ನು ಫುಟ್‌ಪಾತಿನ ಮೇಲೆ ಕೂರಿಸಿದ್ದರು. ಎಡಗೈಯನ್ನು ಎದೆಗೆ ಅವಚಿಕೊಂಡಿದ್ದಳು, ಮುಖ ಪ್ಲಾಸ್ಟರ್ ಕಾಲದಷ್ಟೇ ಬಿಳಿ. ಅವಳ ಮುಂದೆ ಒಬ್ಬ ವಯಸ್ಸಾದವರು ಕರವಸ್ತ್ರದಲ್ಲಿ ಸೆಟ್ಟಿನಿಂದ ಬಿಡಿಬಿಡಿಯಾಗಿ ಉದುರಿದ ಹಲ್ಲುಗಳನ್ನು ಆರಿಸಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಕಣ್ಣಲ್ಲಿ ನೀರು. "ಹೆದರ್ಕೋಬೇಡ ಮಗಳೇ. ಒಂದೂ ಬಿಡದ ಹಾಗೆ ಆರಿಸಿದೀನಿ. ಈಗಿನ ಡಾಕ್ಟ್ರು ಎಲ್ಲಾ ಕೂಡಿಸ್ತಾರೆ."

ಅಕ್ಕ ಬಾಯಿ ತೆರೆದು ತನ್ನ ಹಲ್ಲಿನ ಎರಡೂ ಸಾಲು ತೋರಿಸಿದಳು. "ನನ್ನವು ಇಲ್ಲೇ ಇವೆ ಅಜ್ಜಾ."

ಅಜ್ಜ ಕರವಸ್ತ್ರ ನೋಡಿದರು, ಅವಳ ಬಾಯಿ ನೋಡಿದರು, ಮತ್ತೆ ಕರವಸ್ತ್ರ ನೋಡಿದರು. "ಹಾಗಾದ್ರೆ ಇನ್ನೊಬ್ರು ಎಲ್ಲಿ ಬಿದ್ದಿದ್ದಾರೆ?" ಎಂದು ಎದ್ದು ಹುಡುಕಲು ಹೊರಟರು.

ನಗಲು ಹೋಗಿ ಅಕ್ಕ ಚೀರಿದಳು. ಹೆಗಲ ಮೂಳೆ ಮುರಿದಿತ್ತು.

ಅವಳು ಮನೆಯಲ್ಲಿದ್ದಷ್ಟು ದಿನ ಹಲ್ಲು ತಲುಪಿಸುವ ಕೆಲಸ ನನ್ನ ತಲೆಗೆ ಬಂತು. ಎರವಲು ತಂದ ಸ್ಕೂಟರಿಗೂ ನನಗೂ ಇರುವುದು ದೂರದ ನೆಂಟಸ್ತಿಕೆ. ರಸ್ತೆ ಎಂಥದೆಂದು ಆಗ ನೋಡಿದೆ. ಲಾರಿಯ ಟೈರಿನಿಂದ ಕಿತ್ತ ಪಟ್ಟಿ ಹಾವಿನ ಹಾಗೆ ಮಲಗಿರುತ್ತದೆ. ಮೊಳೆಯಿರುವ ಹಲಗೆ, ಸಾಮಾನು ಕಟ್ಟಿದ್ದ ಹಗ್ಗ, ಎಣ್ಣೆ ಚೆಲ್ಲಿದ ಬಣ್ಣಬಣ್ಣದ ಮಡು, ಯಾರೋ ಪಂಕ್ಚರ್ ಸರಿಮಾಡಿಕೊಂಡು ಚಕ್ರಕ್ಕೆ ಕೊಟ್ಟ ಕಲ್ಲನ್ನು ಅಲ್ಲೇ ಬಿಟ್ಟು ಹೋಗಿರುವುದು. ಬಿದ್ದವರು ಎದ್ದು ಹೋಗುತ್ತಾರೆ, ಬೀಳಿಸಿದ್ದು ಅಲ್ಲೇ ಇರುತ್ತದೆ. ನಾನು ಎರಡೂ ಕಾಲನ್ನು ನೆಲಕ್ಕೆ ಇಳಿಬಿಟ್ಟುಕೊಂಡು ಬಾತುಕೋಳಿಯಂತೆ ಓಡಿಸುತ್ತಿದ್ದೆ. ನಡೆದು ಹೋಗುವವರು ನನ್ನನ್ನು ಹಿಂದೆ ಹಾಕುತ್ತಿದ್ದರು. ಆದರೂ ಡಾಕ್ಟರಮ್ಮ ಏನೂ ಅನ್ನಲಿಲ್ಲ, ಮನೆಯಲ್ಲಿ ಪೆಟ್ಟಾಗಿದೆ ಎಂಬ ರಿಯಾಯಿತಿ ಇತ್ತು.

ಆ ರಿಯಾಯಿತಿ ಅಕ್ಕ ವಾಪಸ್ ಬಂದ ದಿನ ಮುಗಿಯಿತು. ಅವಳು ಎಲ್ಲ ಕಡೆಗೂ ಸರಿಯಾಗಿ ಹೋಗುತ್ತಿದ್ದಳು, ಆ ತಿರುವೊಂದು ಬಿಟ್ಟು. ಡಾಕ್ಟರಮ್ಮನ ಕ್ಲಿನಿಕ್ಕಿಗೆ ಮಾರ್ಕೆಟ್ ಸುತ್ತಿಕೊಂಡು ಹೋಗುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಗಾಡಿಗಳು ಚಲಿಸುವುದಿಲ್ಲ, ವಾಸ ಮಾಡುತ್ತವೆ. ಹಲ್ಲು ತಡವಾಗುತ್ತಿತ್ತು. ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ ರೋಗಿಗಳನ್ನು ಎಬ್ಬಿಸಿ ಮನೆಗೆ ಕಳಿಸಬೇಕಾಯಿತೆಂದು ಡಾಕ್ಟರಮ್ಮ ಫೋನ್ ಮಾಡಿದರು.

ಯಜಮಾನರು ಅಕ್ಕನನ್ನು ಕರೆದರು. ನಾನು ಪಕ್ಕದಲ್ಲೇ ಒಂದು ವಸಡನ್ನು ಸುಮ್ಮಸುಮ್ಮನೆ ಕೆರೆಯುತ್ತಾ ಕಿವಿ ಕೊಟ್ಟೆ.

"ಏನಮ್ಮಾ, ಹತ್ತಿರದ ದಾರಿ ಬಿಟ್ಟು ಊರೆಲ್ಲಾ ಸುತ್ತುತೀಯಂತೆ?"

"ಆ ತಿರುವಲ್ಲಿ ಜಲ್ಲಿ ಇದೆ ಸಾರ್."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕೇ ಇದೆ ಸಾರ್. ಬಂದು ನೋಡಿ, ಒಂದು ಸಲ ನೀವೇ ಕುಣೀರಿ."

ಅವರಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ನೋಡು, ನಿನ್ನ ಭಯ ನಂಗೆ ಅರ್ಥ ಆಗುತ್ತೆ. ಅವರಿಗೆ ಅರ್ಥ ಆಗಬೇಕಾಗಿಲ್ವಲ್ಲ. ಈ ವಾರ ನೋಡ್ತೀನಿ. ಆಗದಿದ್ರೆ ಬೇಡ, ಯಾರನ್ನಾದ್ರೂ ಹೊಸಬರನ್ನ ಹಾಕೋಣ. ನಿಂಗೇನು, ಹಿಂದಿನ ಕೋಣೇಲಿ ಪ್ಲಾಸ್ಟರ್ ಕೆಲಸ ಇದ್ದೇ ಇದೆ. ಅಲ್ಲಿ ಬೀಳೋ ಭಯ ಇಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಕ್ಕ ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಈಗಿರುವ ಹೆಂಗಸು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಮ್ಮುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ, ಕೆಲಸಕ್ಕೆ ಮುಂಚೆ, ಅಕ್ಕ ಮನೆಯ ಪೊರಕೆಯನ್ನೂ ಒಂದು ಗೋಣಿಚೀಲವನ್ನೂ ನನ್ನ ಕೈಗೆ ಕೊಟ್ಟು "ನಡಿ" ಎಂದಳು. ತಿರುವಿನಲ್ಲಿ ನಾನು ಗುಡಿಸಿದೆ. ಅವಳು ನೆಟ್ಟಗಿರುವ ಕೈ ಚಾಚಿ ಬರುವ ಗಾಡಿಗಳಿಗೆ ಅಡ್ಡ ನಿಂತಳು. ಓದಿದ ಮಗ ರಸ್ತೆ ಗುಡಿಸುವುದನ್ನು ಅಮ್ಮ ನೋಡಲಿಲ್ಲವಲ್ಲ ಎಂಬುದೊಂದೇ ಪುಣ್ಯ. ಕಟ್ಟಡದ ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ.

"ಅಣ್ಣಾ, ನಿಮ್ಮ ಗಾಡಿಯವರಿಗೆ ಸ್ವಲ್ಪ ಹೇಳಬಾರದಾ?" ಎಂದಳು ಅಕ್ಕ.

"ಗೇಟಿನ ಒಳಗಿಂದು ನಮ್ಮದು ತಾಯಿ. ಹೊರಗೆ ಬಿದ್ದಿದ್ದು ರೋಡಿಂದು."

ನಾನು ಗುಡಿಸಿದ ಜಲ್ಲಿಯನ್ನು ಗೋಣಿಗೆ ತುಂಬಿ ಎತ್ತಿದೆ. ವಾಚ್‌ಮನ್ ಸ್ಟೂಲಿನಿಂದ ಜಿಗಿದು ಬಂದ. "ಏಯ್, ಎಲ್ಲಿಗೆ ತಗೊಂಡು ಹೋಗ್ತೀಯ? ಅದು ನಮ್ಮ ಕಂಪನಿ ಜಲ್ಲಿ!"

ಗೋಣಿಯನ್ನು ಅವನ ಕಾಲ ಬುಡದಲ್ಲೇ ಸುರಿದೆ. ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಒಂದು ಟಿಪ್ಪರ್ ಬಂತು, ತಿರುವಿನಲ್ಲಿ ವಾಲಿತು, ಮತ್ತೊಂದು ಹಿಡಿ ಉದುರಿಸಿ ಒಳಗೆ ಹೋಯಿತು. ಅಕ್ಕ ಅದನ್ನು ನೋಡಿದಳು. ಬಯ್ಯಲಿಲ್ಲ. "ಪೊರಕೆ ತಗೋ, ಹೋಗೋಣ" ಎಂದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಯಜಮಾನರು ಕೊಟ್ಟ ವಾರದಲ್ಲಿ ಇನ್ನು ಉಳಿದದ್ದು ಒಂದೇ ಪಾರ್ಸಲ್ಲು. ಡಾಕ್ಟರಮ್ಮನದ್ದೇ, ಪೂರ್ತಿ ಬಾಯಿಯ ಸೆಟ್ಟು, ಊಟದ ಹೊತ್ತಿಗೆ ಮುಂಚೆ ಬೇಕು. ಚೀಲ ಏರಿಸಿಕೊಂಡ ಅಕ್ಕ ನನ್ನ ಮೇಜಿನ ಬಳಿ ಬಂದು "ಹಿಂದೆ ಕೂತ್ಕೋ ಬಾ" ಎಂದಳು.

"ನಾನು ಬಂದು ಏನು ಮಾಡ್ಲಿ?"

"ಏನೂ ಮಾಡಬೇಡ. ನಿಂಗೆ ಅದು ಚೆನ್ನಾಗಿ ಬರುತ್ತೆ."

ಮಾರ್ಕೆಟ್ಟಿನ ಕಡೆ ದಾರಿ ಒಡೆಯುವಲ್ಲಿ ಅವಳು ನೇರ ಹೋದಳು. ತಿರುವು ಕಾಣುತ್ತಲೇ ಬೈಕಿನ ವೇಗ ಇಳಿಯಿತು, ಇನ್ನೂ ಇಳಿಯಿತು, ನಿಂತಿತು. ಹಿಂದಿನಿಂದ ಅವಳ ಜಾಕೆಟ್ಟು ಉಸಿರಿಗೆ ಏರಿಳಿಯುವುದು ಕಾಣುತ್ತಿತ್ತು. ಜಲ್ಲಿ ಅಲ್ಲೇ ಇತ್ತು, ರಸ್ತೆಗೆ ಅಡ್ಡಲಾಗಿ, ಬಿಸಿಲಿಗೆ ಮಿಣಮಿಣ ಎನ್ನುತ್ತಾ. ಹಿಂದಿನ ಗಾಡಿಗಳು ಹಾರ್ನ್ ಶುರುಮಾಡಿದವು. ಧೈರ್ಯ ಹೇಳೋಣವೆಂದು ಬಾಯಿ ತೆರೆದೆ. "ಅಕ್ಕಾ, ವಾಪಸ್ ಹೋಗೋಣ್ವಾ?" ಎಂದುಬಿಟ್ಟೆ.

"ಇಳಿ" ಎಂದಳು.

ಇಳಿದೆ. ಅವಳೂ ಇಂಜಿನ್ ಆರಿಸಿ ಇಳಿದಳು. ಬೈಕನ್ನು ರಸ್ತೆಯ ಅಂಚಿಗೆ ತಂದು, ನೋಯುವ ಹೆಗಲನ್ನು ಸ್ವಲ್ಪ ತಗ್ಗಿಸಿ, ತಳ್ಳತೊಡಗಿದಳು. ನಾನು ಹಿಂದಿನಿಂದ ಕೈ ಕೊಟ್ಟೆ. ಕಾಲಡಿಯಲ್ಲಿ ಜಲ್ಲಿ ಕರಕರ ಎನ್ನುತ್ತಾ ಹೊರಳುತ್ತಿತ್ತು, ನಡೆಯುವವರನ್ನೇ ಜಾರಿಸುವ ಹಾಗೆ. ಒಬ್ಬ ಬೈಕಿನವನು ನಮ್ಮನ್ನು ದಾಟುತ್ತಾ ಹಲ್ಲು ಕಿರಿದ. "ಏನಕ್ಕಾ, ಪೆಟ್ರೋಲ್ ಖಾಲೀನಾ?"

"ಇಲ್ಲಪ್ಪಾ, ಧೈರ್ಯ ಖಾಲಿ. ನಿನ್ನ ಹತ್ರ ಇದ್ರೆ ಸ್ವಲ್ಪ ಸುರಿದು ಹೋಗು."

ಅವನು ಉತ್ತರ ಕೊಡಲು ಹಿಂದೆ ತಿರುಗಿದ, ಹಿಂದಿನ ಚಕ್ರ ಸರ್ರೆಂದು ಜಾರಿತು. ಹೇಗೋ ಕಾಲೂರಿ ನಿಂತ. ನಗು ಮುಖದಿಂದ ಇಳಿದುಹೋಗಿತ್ತು. ನಿಧಾನಕ್ಕೆ ಗಾಡಿಯಿಂದ ಇಳಿದು ಅವನೂ ತಳ್ಳಲು ಶುರುಮಾಡಿದ, ನಮ್ಮ ಕಡೆ ನೋಡದೆ.

ತಿರುವು ದಾಟಿತು. ಅಕ್ಕ ಮತ್ತೆ ಹತ್ತಿದಳು. ಕ್ಲಿನಿಕ್ಕಿಗೆ ಹೋದಾಗ ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಡಾಕ್ಟರಮ್ಮ ಯಾರದೋ ಬಾಯೊಳಗಿಂದ ತಲೆ ಎತ್ತದೆ "ಬಂತಾ? ಅಲ್ಲಿ ಇಡಿ" ಎಂದರು. ಅಷ್ಟೇ. ಯಜಮಾನರು ಹೊಸಬರನ್ನು ಹುಡುಕಲಿಲ್ಲ.

ಈಗ ಅದೇ ಪದ್ಧತಿಯಾಗಿದೆ. ಹೋಗುವಾಗ ತಳ್ಳುತ್ತಾಳೆ, ಬರುವಾಗ ತಳ್ಳುತ್ತಾಳೆ. ಮಾರ್ಕೆಟ್ ಸುತ್ತುವುದಕ್ಕಿಂತ ಬೇಗ ಆಗುತ್ತದೆ. ಸಂಜೆ ಹೆಗಲಿಗೆ ಬಿಸಿನೀರಿನ ಬಟ್ಟೆ ಇಡುವಾಗ ಅಮ್ಮ "ಗಾಡಿ ಇದ್ದೂ ಗಾಡಿ ಹೊರೋ ಹಣೆಬರಹ ಯಾರಿಗೂ ಬೇಡ" ಎನ್ನುತ್ತಾಳೆ. ಅಕ್ಕ ಕಣ್ಣು ಮುಚ್ಚಿಕೊಂಡು "ಇನ್ನೂ ಸ್ವಲ್ಪ ಕೆಳಗೆ ಇಡಮ್ಮಾ" ಎನ್ನುತ್ತಾಳೆ.

ಮೊನ್ನೆ ಜೊತೆಗೆ ಹೋಗಿದ್ದೆ. ತಿರುವಿನ ನಡುವೆ ಅವಳು ಸುಧಾರಿಸಿಕೊಳ್ಳಲು ನಿಂತು, ಹೆಲ್ಮೆಟ್ಟಿನ ಗಾಜು ಎತ್ತಿ, ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ತುದಿಯಲ್ಲಿ ಹೊಸ ಕಂಬಗಳ ಕಬ್ಬಿಣದ ಸರಳುಗಳು ಆಕಾಶಕ್ಕೆ ನೆಟ್ಟಗೆ ನಿಂತಿದ್ದವು.

"ಇದು ಇನ್ನೂ ಮೇಲಕ್ಕೆ ಹೋಗುತ್ತೆ ಅನ್ಸುತ್ತೆ ಕಣೋ."

"ಹೋಗುತ್ತೆ."

"ಹ್ಞೂಂ" ಎಂದು ಗಾಜು ಇಳಿಸಿ ಮತ್ತೆ ಹ್ಯಾಂಡಲ್ ಹಿಡಿದಳು. ನಾನು ಹಿಂದಿನಿಂದ ಕೈ ಕೊಟ್ಟೆ.